ಬೆನ್ನಾತಿ ಅಳೆದುಕೊಟ್ಟ ಹರಳೆಣ್ಣೆ

ಔಷಧಿ ಅಂಗಡಿಯ ಎರ್ಮೆತೆ ಬೆನ್ನಾತಿ ಹೋದ ತಿಂಗಳು ಸತ್ತ. ಎಂಬತ್ತೊಂದು ವರ್ಷ ತುಂಬಿ, ತನ್ನದೇ ಹಾಸಿಗೆಯಲ್ಲಿ, ಒಗೆದ ಚಾದರದ ಮೇಲೆ. ಈಗ ಅವನ ಅಂಗಡಿಯ ಗೋಡೆಗೆ ಅಮೃತಶಿಲೆಯ ಫಲಕ ಹಾಕಿಸಲು ಪುರಸಭೆ ಹೊರಟಿದೆ. 'ಇಪ್ಪತ್ತು ವರ್ಷದ ಕತ್ತಲೆಯಲ್ಲಿ ಯಾರ ಮೇಲೂ ಕೈ ಎತ್ತದ ಅಳತೆಯ ಮನುಷ್ಯ' ಎಂದು ಕೆತ್ತಿಸುತ್ತಾರಂತೆ. ಹಳೆಯ ಕೂಲಿಗಾರರ ಸಂಘದಲ್ಲಿ ಉಳಿದಿರುವ ನಾಲ್ಕು ಮುದಿಜೀವಗಳ ಒಪ್ಪಿಗೆಯೂ ಬೇಕಂತೆ. ನನ್ನ ಹತ್ತಿರವೂ ಕಾಗದ ಬಂತು: 'ಇಯೋಲೆ, ಸಂಘದ ಹಿರಿಯ ಸದಸ್ಯೆ, ಇಲ್ಲಿ ಸಹಿ ಮಾಡಿ.' ಸಹಿ ಮಾಡುವ ಮೊದಲು ಆ ಮನುಷ್ಯನ ಅಳತೆ ಎಂಥದ್ದು ಅಂತ ಹೇಳಿಬಿಡುತ್ತೇನೆ.

ಅವನು ಕೆಟ್ಟ ಮಾತಾಡಿದವನಲ್ಲ. ಕುಡಿಯುತ್ತಿರಲಿಲ್ಲ. ಕಾಲುವೆ ಅಗೆದು ಕೆಸರು ಮೆತ್ತಿಕೊಂಡು ಹೋದ ನಮ್ಮನ್ನೂ 'ಬನ್ನಿ, ಕೂತ್ಕೊಳ್ಳಿ' ಅನ್ನುತ್ತಿದ್ದ. ಓದಿದವನಾದ್ದರಿಂದ ಊರೆಲ್ಲ ಅವನನ್ನು ಡಾಕ್ಟ್ರೇ ಅಂತಲೇ ಕರೆಯುವುದು. ಮಲೇರಿಯಾ ಕಾಲದಲ್ಲಿ ಅವನು ಪೊಟ್ಟಣ ಕಟ್ಟುವುದನ್ನು ನೋಡಬೇಕಿತ್ತು. ತಕ್ಕಡಿಯ ಮುಳ್ಳು ನಿಲ್ಲುವ ತನಕ ಉಸಿರು ಬಿಡುತ್ತಿರಲಿಲ್ಲ. ಮನುಷ್ಯರನ್ನು ನಿಲ್ಲಿಸಿ ತೂಗುವ ಯಂತ್ರ ನಮ್ಮ ಊರಿಗೆ ತಂದವನೂ ಅವನೇ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಬಿಟ್ಟಿಯಾಗಿ ತೂಗುತ್ತಿದ್ದ. ನಾವು ಹೆಂಗಸರು ಕೀಟಲೆ ಮಾಡುತ್ತ ಹತ್ತುತ್ತಿದ್ದೆವು. 'ಅಯ್ಯೋ ಡಾಕ್ಟ್ರೇ, ಎದೆ ಬಿಟ್ಟು ತೂಗಿ' ಅಂತ ಒಬ್ಬಳು, 'ಅವಳ ಬಾಯಿ ಬಿಟ್ಟು ತೂಗಿ' ಅಂತ ಇನ್ನೊಬ್ಬಳು. ಅವನು ನಗದೆ ಎಲ್ಲರ ತೂಕವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಊರಿನ ಪ್ರತಿಯೊಬ್ಬರ ತೂಕ, ಯಾರಿಗೆ ಯಾವ ಕಾಯಿಲೆ, ಎಲ್ಲ ಅದರಲ್ಲಿತ್ತು.

ಅದು ಸಾವಿರದ ಒಂಬೈನೂರ ಇಪ್ಪತ್ತೊಂದನೇ ಇಸವಿಯ ವಸಂತ. ಮೊದಲ ಮಹಾಯುದ್ಧದಿಂದ ಬಂದ ಗಂಡಸರಿಗೆ ಸರ್ಕಾರ ಕೊಡುತ್ತೇನೆಂದ ಭೂಮಿ ಕೊಟ್ಟಿರಲಿಲ್ಲ. ಆದರೆ ಹಿಂದಿನ ವರ್ಷ ನಮ್ಮ ಸಂಘ ಮುಷ್ಕರ ಹೂಡಿ ಗೆದ್ದಿತ್ತು. ಯಾರನ್ನು ಕೂಲಿಗೆ ಕರೆಯಬೇಕೆಂದು ಇನ್ನು ಜಮೀನ್ದಾರ ಹೇಳುವ ಹಾಗಿಲ್ಲ, ಸಂಘ ಹೇಳುತ್ತದೆ. ಇಷ್ಟಕ್ಕೇ ಜಮೀನ್ದಾರರು ಚಡ್ಡಿ ಒದ್ದೆ ಮಾಡಿಕೊಂಡರು. ಪಟ್ಟಣದಿಂದ ಲಾರಿ ತುಂಬ ಕರಿ ಅಂಗಿಯ ಫ್ಯಾಸಿಸ್ಟ್ ಪುಂಡರನ್ನು ಕರೆಸಿದರು. ಪೊಲೀಸರು ಅವತ್ತು ಬೂಟಿಗೆ ಪಾಲಿಶ್ ಹಾಕುತ್ತ ಕೂತರು. ಪುಂಡರು ಸಂಘದ ಮನೆ ಸುಟ್ಟರು. ಬೆನ್ನಾತಿಯ ಅಂಗಡಿಗೆ ನುಗ್ಗಿ ಇದ್ದಷ್ಟೂ ಹರಳೆಣ್ಣೆ ಹೊತ್ತುಕೊಂಡು ಬಂದು, ಸಂಘದ ಮುದುಕ ಸೆಕೊಂದೊನ ಮೂಗು ಹಿಡಿದು ಒಂದು ಲೀಟರ್ ಸುರಿದರು. ಚೌಕದ ನಡುವೆ, ಹೆಂಡತಿ ಮಕ್ಕಳ ಮುಂದೆ ಮುದುಕ ಹೇತುಕೊಂಡ. ಅವರು ಸುತ್ತ ನಿಂತು ಹಾಡು ಹೇಳಿದರು. ಮೂರು ದಿನ ರಕ್ತ ಹೋಗಿ, ಹೇಗೋ ಬದುಕಿಕೊಂಡ.

ಬೆನ್ನಾತಿಗೆ ಅವತ್ತು ನಿಜವಾಗಿಯೂ ಸಿಟ್ಟು ಬಂದಿತ್ತು. ಅಂಗಡಿ ಬಾಗಿಲಲ್ಲಿ ನಿಂತು ಕೂಗಿದ.

'ಒಂದು ಲೀಟರ್! ಆ ವಯಸ್ಸಿಗೆ! ಇವರಿಗೆ ಔಷಧಿ ಅಂದ್ರೆ ಏನು ಅಂತಲೇ ಗೊತ್ತಿಲ್ಲ!'

ನಾವು ಅವನು ನಮ್ಮ ಕಡೆ ಅಂದುಕೊಂಡೆವು. ಅವನಿಗೆ ತಡೆಯಲಾಗದೆ ಹೋಗಿದ್ದು ಆ 'ಒಂದು ಲೀಟರ್' ಅನ್ನುವುದು ನಮಗೆ ಆಮೇಲೆ ತಿಳಿಯಿತು. ಪುಂಡರ ನಾಯಕ, ಜಮೀನ್ದಾರನ ಅಳಿಯ ರುಜ್ಜೇರೊನನ್ನು ಕರೆದು ಅವನು ಹೇಳಿದನಂತೆ: 'ಯಾರ್ಯಾರಿಗೆ ಅಂತ ಮೊದಲೇ ಹೆಸರು ಕೊಡಿ. ತೂಕಕ್ಕೆ ತಕ್ಕ ಹಾಗೆ ನಾನೇ ಬಾಟಲಿ ಮಾಡಿಕೊಡ್ತೀನಿ. ಸುಮ್ಮನೆ ಸಾಯಿಸಬೇಡಿ.' ಅಲ್ಲಿಂದ ಮುಂದೆ ಶುಕ್ರವಾರ ಪಟ್ಟಿ ಬರುವುದು, ಶನಿವಾರ ಬಾಟಲಿ ತಯಾರಿರುವುದು. ಒಂದೊಂದರ ಮೇಲೂ ಅವನ ಮುತ್ತಿನಂಥ ಅಕ್ಷರದಲ್ಲಿ ಲೇಬಲ್: ಹೆಸರು, ಕಿಲೋ, ಪ್ರಮಾಣ. ಕೆಳಗೆ, ಮಗುವಿನ ಕೆಮ್ಮಿನ ಔಷಧಿಗೆ ಬರೆಯುವ ಹಾಗೆ, 'ಮೆಲ್ಲಗೆ ಕುಡಿಸಿ'.

ಹೇಸಿಗೆಯ ಮಾತು ಇನ್ನೊಂದಿದೆ, ಅದು ನಮ್ಮದು. ನಮ್ಮವರಲ್ಲೇ ಎಷ್ಟೋ ಜನ ಅವನನ್ನು ಕಂಡಾಗ ಗೌರವದಿಂದ ಟೋಪಿ ತೆಗೆದರು. 'ಬೆನ್ನಾತಿ ಮಾಡಿದ ಬಾಟಲಿನಾ? ಹಾಗಾದ್ರೆ ಎರಡು ದಿನ ಪಾಯಿಖಾನೆ, ಸಾಯಲ್ಲ ಬಿಡು' ಅಂತ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡರು. ಹೊಟ್ಟೆ ಕೆಡಿಸುವವನು ಯಾಕೆ ಬಂದ ಅನ್ನುವುದನ್ನು ಬಿಟ್ಟು ಎಷ್ಟು ಕೆಡಿಸುತ್ತಾನೆ ಎಂದು ಮಾತಾಡತೊಡಗಿದ ಊರನ್ನು ಹಿಡಿಯುವುದಕ್ಕೆ ದೊಡ್ಡ ಸೈನ್ಯ ಬೇಕಿರಲಿಲ್ಲ.

ಮೇ ತಿಂಗಳ ಒಂದು ಶುಕ್ರವಾರ ನನ್ನ ಗಂಡ ಅದೆಲ್ಮೊನ ಹೊಟ್ಟೆಹುಣ್ಣಿಗೆ ಪುಡಿ ತರಲು ಹೋದೆ. ಅವನಿಗೆ ಹುಣ್ಣಿದೆ ಅನ್ನುವುದು ನನಗೆ ಮತ್ತು ಬೆನ್ನಾತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕಾಲುವೆ ಕೆಲಸಕ್ಕೆ ಯಾರು ಕರೆದಾರು? ಹಿಂದಿನ ಹಲಗೆಯ ಮೇಲೆ ಎರಡು ಕಂದು ಬಾಟಲಿ ನಿಂತಿದ್ದವು. ಒಂದರ ಮೇಲೆ ನಮ್ಮ ಪಕ್ಕದ ಮನೆಯ ಪ್ರಿಮೊ ಫಾಬ್ರಿಯ ಹೆಸರು. ಇನ್ನೊಂದರ ಮೇಲೆ, ಶಾಯಿ ಇನ್ನೂ ಆರಿರಲಿಲ್ಲ, ಅದೆಲ್ಮೊನ ಹೆಸರು.

'ಡಾಕ್ಟ್ರೇ, ಅವರಿಗೆ ಹುಣ್ಣಿದೆ. ನಿಮಗೆ ಗೊತ್ತಲ್ಲ!'

ಅವನ ಮುಖ ಬಿಳಿಚಿತು. 'ಹೌದಲ್ಲ. ನೀವು ಹೇಳಿದ್ದು ಒಳ್ಳೇದಾಯ್ತು.'

'ಒಳಗೆ ಬೇರೆ ಏನಾದ್ರೂ ಹಾಕಿ. ಸಕ್ಕರೆ ಪಾಕ ಹಾಕಿ. ಅವರಿಗೇನು ಗೊತ್ತಾಗತ್ತೆ?'

'ಇಯೋಲೆ ಅವರೇ, ಲೇಬಲ್ ಮೇಲೆ ಒಂದು, ಒಳಗೆ ಇನ್ನೊಂದು... ಇಪ್ಪತ್ತೈದು ವರ್ಷದಲ್ಲಿ ನಾನು ಆ ಕೆಲಸ ಮಾಡಿಲ್ಲ.'

'ನಿಮ್ಮ ಇಪ್ಪತ್ತೈದು ವರ್ಷಕ್ಕೆ ಬೆಂಕಿ ಹಾಕ! ಅವರು ಸತ್ತುಹೋಗ್ತಾರೆ!'

'ಕೂಗಾಡಬೇಡಿ. ಅರ್ಧ ಮಾಡ್ತೀನಿ.'

ನನ್ನ ಕಣ್ಣೆದುರೇ ಬಾಟಲಿಯಿಂದ ಅರ್ಧ ಬಗ್ಗಿಸಿದ. ಗೆರೆ ನೋಡಿದ. ಒಂದು ತೊಟ್ಟು ಹೆಚ್ಚಿತ್ತೆಂದು ಕಾಣುತ್ತದೆ, ಅದನ್ನೂ ಬಗ್ಗಿಸಿದ. ಹಳೆಯ ಲೇಬಲ್ ಕಿತ್ತು ಹೊಸದು ಬರೆದು ಅಂಟಿಸಿದ. ಆಮೇಲೆ ದೊಡ್ಡ ಉಪಕಾರ ಮಾಡಿದವನ ಹಾಗೆ ನನ್ನ ಮುಖ ನೋಡಿದ.

ನಾನು ಓಡಿಹೋಗಿ ಇಬ್ಬರಿಗೂ ಹೇಳಿದೆ. ಪ್ರಿಮೊ ಅವತ್ತೇ ದೋಣಿ ಹತ್ತಿ ಪೋ ನದಿಯ ಆಚೆ ದಡಕ್ಕೆ ಹೋದ. ಅದರಲ್ಲಿ ತಪ್ಪೇನೂ ಇಲ್ಲ, ಅವನ ಹೆಂಡತಿ ಬಸುರಿ. ಅದೆಲ್ಮೊ ಮಾತ್ರ ಹೋಗಲಿಲ್ಲ. ಶನಿವಾರ ಸಂಘದ ಪರವಾಗಿ ಯಾರ್ಯಾರಿಗೆ ಕೂಲಿ ಎಂಬ ಸರದಿ ಓದುವವನು ಅವನು.

'ನಾನು ಓದದಿದ್ರೆ ನಾಳೆ ಜಮೀನ್ದಾರನೇ ಬಂದು ಓದ್ತಾನೆ ಕಣೇ. ಇಷ್ಟು ದಿನ ಹೊಡೆದಾಡಿದ್ದು ಮಣ್ಣಾಗತ್ತೆ. ಹೆಂಗೂ ಅರ್ಧ ಅಂದನಲ್ಲ ನಿನ್ನ ಡಾಕ್ಟ್ರು.'

ಅವನೂ ಆ ಅರ್ಧವನ್ನು ನಂಬಿಕೊಂಡ.

ಶನಿವಾರ ಮಧ್ಯಾಹ್ನ ಪುಂಡರು ಅವನನ್ನು ಸೇತುವೆ ಹತ್ತಿರ ಹಿಡಿದರು. ಪ್ರಿಮೊ ಸಿಗಲಿಲ್ಲ. ತಂದ ಬಾಟಲಿ ವಾಪಸು ಯಾಕೆ ಒಯ್ಯಬೇಕು ಅಂತ ಅವನ ಪಾಲನ್ನೂ ಅದೆಲ್ಮೊನ ಬಾಯಿಗೇ ಸುರಿದರು. ನಾನು ಹೋದಾಗ ಅವನು ಕಾಲುವೆಯ ಏರಿಯ ಮೇಲೆ ತನ್ನ ಹೇಲಿನಲ್ಲಿ ಬಿದ್ದಿದ್ದ. ಎರಡು ಖಾಲಿ ಬಾಟಲಿ ಪಕ್ಕದಲ್ಲೇ ಇದ್ದವು. ತಲೆವಸ್ತ್ರದಲ್ಲಿ ಅವನ ಬಾಯಿ ಒರೆಸಿದೆ, ಬಾಟಲಿಗಳನ್ನು ಅದೇ ವಸ್ತ್ರದಲ್ಲಿ ಕಟ್ಟಿಕೊಂಡೆ. ಮಂಗಳವಾರ ಸತ್ತ. ಹೊಟ್ಟೆಯ ಹುಣ್ಣು ಒಡೆದು ಸಹಜ ಸಾವು ಎಂದು ಪೊಲೀಸರು ಬರೆದುಕೊಂಡರು.

ಬೆನ್ನಾತಿ ಕಪ್ಪು ಟೈ ಕಟ್ಟಿಕೊಂಡು ಮಣ್ಣಿಗೆ ಬಂದಿದ್ದ. ನನ್ನ ಕೈ ಹಿಡಿದುಕೊಂಡು ಹೇಳಿದ್ದು ಇದು: 'ಅರ್ಧ ಅಂತ ಸ್ಪಷ್ಟವಾಗಿ ಬರೆದಿದ್ದೆ. ಯಾರೋ ಪ್ರಿಮೊಗೆ ಸುದ್ದಿ ಮುಟ್ಟಿಸಿಬಿಟ್ರು. ನನ್ನ ಅಳತೆಯೆಲ್ಲ ಕೆಟ್ಟುಹೋಯ್ತು.'

ಯಾರೋ ಅಲ್ಲ, ನಾನು. ಅದು ಅವನಿಗೂ ಗೊತ್ತಿತ್ತು. ಎಷ್ಟೋ ವರ್ಷ ಆ ಮಾತು ನನ್ನ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಕೂತಿತ್ತು. ಕೊಂದವರಲ್ಲ, ಎಣ್ಣೆ ಕೊಟ್ಟವನಲ್ಲ, ಒಂದು ಜೀವ ಉಳಿಸಲು ಓಡಿದವಳು ತಪ್ಪಿತಸ್ಥೆ! ಥೂ.

ಮರುವರ್ಷ ಕರಿ ಅಂಗಿಯವರು ರೋಮ್ ಹಿಡಿದರು. ಆಮೇಲೆ ಬಾಟಲಿ ಬೇಕಾಗಲೇ ಇಲ್ಲ, ಊರು ತಾನಾಗಿಯೇ ಬಾಯಿ ತೆರೆಯುತ್ತಿತ್ತು. ಮೂವತ್ತೈದರಲ್ಲಿ ಅಬಿಸೀನಿಯಾ ಯುದ್ಧದ ಖರ್ಚಿಗೆ ಹೆಂಗಸರೆಲ್ಲ ಮದುವೆಯ ಉಂಗುರ ಕೊಡಬೇಕೆಂದು ಅಪ್ಪಣೆಯಾಯಿತು. ತೂಗಿದವನು ಬೆನ್ನಾತಿ. ನಾನೂ ಕೊಟ್ಟೆ, ಕೊಡದಿದ್ದರೆ ಗದ್ದೆ ಕೆಲಸ ಇಲ್ಲ. ಮುಳ್ಳು ನಿಂತ ಮೇಲೆ ಮೆಲ್ಲಗೆ ಹೇಳಿದ: 'ಸ್ವಲ್ಪ ಸವೆದಿದೆ, ಇಯೋಲೆ ಅವರೇ.' ನಲವತ್ತರ ಜೂನ್‌ನಲ್ಲಿ ಧ್ವನಿವರ್ಧಕ ಕಟ್ಟಿದ್ದು ಅವನ ಅಂಗಡಿಯ ಗೋಡೆಗೇ. ರೋಮಿನ ಬಾಲ್ಕನಿಯಿಂದ ಕರಿ ಅಂಗಿಯವರ ಸರ್ವಾಧಿಕಾರಿ ಯುದ್ಧ ಅಂತ ಅರಚಿದ, ಇಲ್ಲಿ ಸೆಕೊಂದೊ ಹೇತ ಅದೇ ಚೌಕದಲ್ಲಿ ನಮ್ಮ ಜನ ಚಪ್ಪಾಳೆ ತಟ್ಟಿದರು. ಗ್ರೀಸಿಗೂ ರಷ್ಯಾಕ್ಕೂ ಹೋಗುವ ಹುಡುಗರನ್ನು ಬೆನ್ನಾತಿಯ ಯಂತ್ರದ ಮೇಲೇ ನಿಲ್ಲಿಸಿ ತೂಗಿ ಕಳಿಸಿದರು. ಈ ಯುದ್ಧ ಹೇಗೆ ಶುರುವಾಯಿತು ಅಂತ ಈಗ ದೊಡ್ಡವರೆಲ್ಲ ಪುಸ್ತಕ ಬರೆಯುತ್ತಿದ್ದಾರೆ. ನಾನು ಕಂಡ ಹಾಗೆ ಅದು ಈ ಅಂಗಡಿಯ ಮೇಜಿನ ಮೇಲೆ ಶುರುವಾಯಿತು.

ನಲವತ್ತೈದರಲ್ಲಿ, ಕರಿ ಅಂಗಿಯವರು ಬಿದ್ದ ಮೇಲೆ, ವಿಚಾರಣೆಗೆ ಕರೆದಾಗ ಬೆನ್ನಾತಿ ತನ್ನ ದಪ್ಪ ಪುಸ್ತಕ ತಾನೇ ಹೊತ್ತು ತಂದ. 'ನೋಡಿ, ಒಂದು ಸುಳ್ಳಿಲ್ಲ.' ನಿಜ, ಇರಲಿಲ್ಲ. ಊರಿಗೆ ಇದ್ದ ಔಷಧಿಯವನು ಅವನೊಬ್ಬನೇ, ಟೈಫಸ್ ಬೇರೆ ಹರಡಿತ್ತು. ಬಿಟ್ಟುಬಿಟ್ಟರು. ಆ ವಾರವೇ ನಾನೂ ಅವನ ಹತ್ತಿರ ಔಷಧಿ ತಗೊಂಡೆ. ಅದನ್ನೂ ಬರೆದಿಡುತ್ತೇನೆ.

ನಿನ್ನೆ ಆ ಎರಡು ಬಾಟಲಿ ಹಿಡಿದುಕೊಂಡು ಪುರಸಭೆಗೆ ಹೋದೆ. ಮೇಯರ್ ವಾಲ್ತೆರ್ ನಮ್ಮ ಕೂಲಿಗಾರರ ಪಕ್ಷದವನೇ, ಪ್ರಿಮೊನ ಮಗ. ಅವನ ಅಪ್ಪ ಓಡಿಹೋದಾಗ ತಾಯಿಯ ಹೊಟ್ಟೆಯಲ್ಲಿದ್ದವನು.

'ಬನ್ನಿ ಚಿಕ್ಕಮ್ಮ. ಸಹಿ ತಂದ್ರಾ?'

'ಫಲಕಕ್ಕೆ ಎರಡು ಸಾಲು ತಂದಿದೀನಿ. ಓದು.'

ಅವನು ಮೊದಲನೆಯದನ್ನು ಓದಿದ. 'ಅದೆಲ್ಮೊ, ಅರವತ್ತೊಂದು ಕಿಲೋ, ಹೊಟ್ಟೆಹುಣ್ಣು ಇದೆ, ಅರ್ಧ. ಮೆಲ್ಲಗೆ ಕುಡಿಸಿ.' ಕನ್ನಡಕ ತೆಗೆದ. 'ಚಿಕ್ಕಮ್ಮ, ಹಳೇದೆಲ್ಲ ಯಾಕೆ ಕೆದಕ್ತೀರಿ? ಅವನು ಅಳತೆ ಮಾಡಿದ್ದಕ್ಕೇ ನಮ್ಮಪ್ಪನಂಥವರು ಉಳಿದಿದ್ದು. ಅಪ್ಪ ಸಾಯೋ ತನಕ ಅವನಿಗೆ ಟೋಪಿ ತೆಗೀತಿದ್ರು.'

'ಇನ್ನೊಂದೂ ಓದಪ್ಪ.'

ಬಾಟಲಿ ತಿರುಗಿಸಿದ. 'ಪ್ರಿಮೊ ಫಾಬ್ರಿ, ಎಂಬತ್ತೆರಡು ಕಿಲೋ...' ಅಲ್ಲಿಗೆ ನಿಲ್ಲಿಸಿದ. ಬಾಟಲಿಯನ್ನು ಮೂಗಿನ ಹತ್ತಿರ ಒಯ್ದು, ಥಟ್ಟನೆ ಕೆಳಗಿಟ್ಟ.

'ಇದು ಖಾಲಿ ಇದೆಯಲ್ಲ. ಅಪ್ಪ ಕುಡೀಲೇ ಇಲ್ಲ ಅಂತಿದ್ರು.'

'ಕುಡೀಲಿಲ್ಲ.'

'ಮತ್ತೆ ಯಾರು...?'

ಮೊದಲನೆಯ ಬಾಟಲಿಯನ್ನು ಅದರ ಪಕ್ಕಕ್ಕೆ ಸರಿಸಿದೆ. ಅವನು ಎರಡನ್ನೂ ನೋಡಿದ. ಕಿವಿಯ ತನಕ ಕೆಂಪಾದ. ಆಮೇಲೆ ಕೇಳಿದ:

'ಲೇಬಲ್‌ನಲ್ಲಿ ಇರೋದನ್ನೆಲ್ಲ ಕೆತ್ತಿಸಬೇಕಾ ಚಿಕ್ಕಮ್ಮ? ಆ "ಮೆಲ್ಲಗೆ ಕುಡಿಸಿ" ಅನ್ನೋದನ್ನೂ?'

'ಅದನ್ನೇ ದಪ್ಪಕ್ಷರದಲ್ಲಿ ಕೆತ್ತಿಸು' ಅಂದೆ. 'ಕೆತ್ತಿಸಿದ ದಿನ ಸಹಿ ಹಾಕ್ತೀನಿ.'