ಗಾಜಿನ ಪೆಟ್ಟಿಗೆಯ ಮುಖ

ಲೈಬ್ರರಿಯ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುತ್ತಿದ್ದವಳನ್ನು ಎಲ್ಲರೂ ಅಂಟಕ್ಕ ಎಂದೇ ಕರೆಯುತ್ತಿದ್ದರು. ಹೇಸಿಗೆ ಪಡುವುದರಲ್ಲಿ ಅವಳದು ಎತ್ತಿದ ಕೈ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸುವವರನ್ನು ಕಂಡರೆ ಆಗದು. ಗುರುತಿಗೆಂದು ಎಣ್ಣೆ ಜಿಡ್ಡಿನ ಬಾಚಣಿಗೆಯನ್ನೇ ಪುಸ್ತಕದೊಳಗೆ ಬಿಟ್ಟುಹೋದ ಮಹಾನುಭಾವನೊಬ್ಬನನ್ನು ಅವಳು ಹನ್ನೆರಡು ವರ್ಷವಾದರೂ ಕ್ಷಮಿಸಿರಲಿಲ್ಲ.

ಇಂಥವಳಿಗೆ ತಂಗಿಯ ಮಗಳು ದಿನಬೆಳಗಾದರೆ ಫೋನಿಗೆ ಒಂದು ಅಚ್ಚರಿ ಕಳಿಸುತ್ತಿದ್ದಳು. ಲೋಕದ ಕಲೆ, ಯಂತ್ರ, ವಿಜ್ಞಾನಗಳಲ್ಲಿ ಯಾರೂ ಕಾಣದ್ದನ್ನು ಹುಡುಕಿ ತರುತ್ತೇವೆಂದು ಜಂಬ ಕೊಚ್ಚುವ ಪುಟವೊಂದು ಇಂಟರ್ನೆಟ್ಟಿನಲ್ಲಿತ್ತು. ಹುಡುಗಿಗೆ ಅದರ ಹುಚ್ಚು. ಕೆಲವು ಚಿಟ್ಟೆಗಳ ನೀಲಿ ಬಣ್ಣವೇ ಅಲ್ಲ, ಬೆಳಕಿನ ಆಟ ಎಂಬಂಥ ನಿಜವಾದ ಸಂಗತಿ ಅಪರೂಪಕ್ಕೆ ಬಂದಾಗ ಅಂಟಕ್ಕ ಎರಡೆರಡು ಸಲ ಓದುತ್ತಿದ್ದಳು. ಮಿಕ್ಕದ್ದೆಲ್ಲ ಕಾಗಕ್ಕ ಗುಬ್ಬಕ್ಕನ ಕಥೆ. ಹಾಡು ಕೇಳಿ ಅಳುವ ಕಲ್ಲು, ಕನಸನ್ನು ಅಚ್ಚು ಹಾಕುವ ಯಂತ್ರ. ಥೂ ಎಂದು ಫೋನನ್ನು ಬೋರಲು ಹಾಕಿ ಕೆಲಸಕ್ಕೆ ಕೂರುತ್ತಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಬಂದ ಅಚ್ಚರಿಯನ್ನು ನೋಡಿ ಅವಳು ಫೋನನ್ನು ಬೋರಲು ಹಾಕಲಿಲ್ಲ. ಹಳೆಯ ನೋಟುಪುಸ್ತಕದ ಹಾಳೆಯೊಂದರಲ್ಲಿ ಹೆಂಗಸಿನ ಮುಖ ತಾನಾಗಿ ಮೂಡುತ್ತಿದೆಯಂತೆ, ದಿನಕ್ಕಿಷ್ಟು ಬೆಳೆಯುತ್ತಿದೆಯಂತೆ. ನೋಟುಪುಸ್ತಕ ಅವಳ ಲೈಬ್ರರಿಯದು. ರಟ್ಟು ಅವಳ ಕೈಯದು. ಮುಖ ಎನ್ನುತ್ತಿದ್ದದ್ದು ಬೂದು ಹಸಿರು ಬಣ್ಣದ ಬೂಷ್ಟು.

ಆ ಪುಸ್ತಕ ಅವಳಿಗೆ ಚೆನ್ನಾಗಿ ಗೊತ್ತು. ಎಂಬತ್ತು ವರ್ಷಗಳ ಹಿಂದೆ ಶಾಲೆಯ ಮೇಷ್ಟರಮ್ಮನೊಬ್ಬಳು ತನ್ನ ಮನೆಯ ದೀಪಕ್ಕೆ ಬಂದ ಪತಂಗಗಳನ್ನು ಹಾಳೆಗೊಂದರಂತೆ ನೀರುಬಣ್ಣದಲ್ಲಿ ಬರೆದಿಟ್ಟಿದ್ದಳು. ರೆಕ್ಕೆಯ ಒಂದೊಂದು ಗೆರೆಯನ್ನೂ ಕೂದಲೆಳೆಯಂಥ ಕುಂಚದಿಂದ ಎಳೆದಿದ್ದಳು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಹನ್ನೊಂದನೆಯ ಹಾಳೆ ನಡುವೆ ಹರಿದಿತ್ತು. ಎರಡು ತಿಂಗಳ ಹಿಂದೆ ಅಂಟಕ್ಕನೇ ಅದರ ಬೆನ್ನಿಗೆ ತೆಳುಕಾಗದ ಹಚ್ಚಿ ಸರಿಮಾಡಿದ್ದಳು. ಮೈದಾ ಅಂಟು ಕುದಿಸುವಾಗ ಚಿಟಿಕೆ ಮೈಲುತುತ್ತ ಹಾಕದಿದ್ದರೆ ಹುಳವೂ ಬೂಷ್ಟೂ ಹಿಡಿಯುತ್ತದೆಂಬುದು ಈ ಕಸುಬಿನವರಿಗೆ ಮೊದಲ ದಿನದ ಪಾಠ. ಆದರೆ ಮೈಲುತುತ್ತ ಬಿದ್ದರೆ ಅಂಟಿಗೆ ತುಸು ನೀಲಿ ಬರುತ್ತದೆ. ಅಷ್ಟು ಬಿಳಿಯ ಹಾಳೆಯಲ್ಲಿ ತನ್ನ ಕೆಲಸದ ಗುರುತೇ ಕಾಣಬಾರದು, ನೋಡಿದವರು ಭೇಷ್ ಎನ್ನಬೇಕು ಎಂಬ ಆಸೆಗೆ ಬಿದ್ದು ಆವತ್ತು ಬೇಕೆಂತಲೇ ಹಾಕಿರಲಿಲ್ಲ. ಈಗ ಅದನ್ನು ನೆನೆದು ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಬ್ರಷ್ಷು ಹಿಡಿದು ಓಡಿದರೆ ಪುಸ್ತಕ ಆಗಲೇ ಕಪಾಟಿನಲ್ಲಿರಲಿಲ್ಲ. ಲೈಬ್ರರಿಯ ಅಧಿಕಾರಿ ಅದನ್ನು ಹಜಾರದ ನಡುವೆ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ದೀಪ ಉರಿಸಿ ಬೀಗ ಜಡಿದಿದ್ದ. ಬೂಷ್ಟಿಗೆ ಇದಕ್ಕಿಂತ ಸುಖದ ಬಾಣಂತಿ ಕೋಣೆ ಎಲ್ಲಿ ಸಿಗಬೇಕು! ಒಳಗಿನ ಗಾಜಿಗೆ ಆಗಲೇ ಬೆವರು ಕಟ್ಟಿತ್ತು. ಹತ್ತು ವರ್ಷ ನೊಣ ಹೊಡೆಯುತ್ತಿದ್ದ ಲೈಬ್ರರಿಯ ಬಾಗಿಲಲ್ಲಿ ಸಾಲು ನಿಂತಿತ್ತು.

ಅಂಟಕ್ಕ ಅವನ ಕೋಣೆಗೆ ಹೋಗಿ ಸುತ್ತಿ ಬಳಸದೆ ಹೇಳಿಬಿಟ್ಟಳು.

"ಸರ್, ಅದು ಮುಖ ಅಲ್ಲ, ಬೂಷ್ಟು. ಅಂಟಿಗೆ ಮೈಲುತುತ್ತ ಹಾಕದೆ ಬಿಟ್ಟವಳು ನಾನೇ. ಬೇಕಾದ್ರೆ ಬರ್ದುಕೊಡ್ತೀನಿ. ಇವತ್ತು ತೆಗೆದ್ರೆ ಕೆಳಗಿನ ಚಿತ್ರ ಉಳಿಯುತ್ತೆ."

"ಬೂಷ್ಟೇ ಇರ್ಲಿ ಅಕ್ಕ, ಜನ ಬರ್ತಿದಾರಲ್ಲ? ಎಡಗಣ್ಣು ಇನ್ನೂ ಪೂರ್ತಿ ಬಂದಿಲ್ಲ. ಅದೊಂದು ಬಂದುಬಿಡ್ಲಿ."

ಆಮೇಲಿನ ಎರಡು ವಾರ ತಲೆಬುಡವಿಲ್ಲದ ಮಾತುಗಳೇ ಕಿವಿಗೆ ಬಿದ್ದವು. ಕಲೆ ಬಲ್ಲವನೊಬ್ಬ, ಇದು ಮರೆತುಹೋದ ಚಿತ್ರಕಾರನ ಗುಪ್ತಶಾಯಿ ಎಂದ. ಇನ್ನೊಬ್ಬ ಕಂಪ್ಯೂಟರಿನಿಂದ ಮೂಗು ತುಟಿ ತಿದ್ದಿಸಿ, ನೋಡಿ ಎಷ್ಟು ಚೆಲುವೆ ಎಂದು ಹಂಚಿದ. ತಂಗಿಯ ಮಗಳು ಗೆಳತಿಯರನ್ನು ಕಟ್ಟಿಕೊಂಡು ಬಂದು ಗಾಜಿಗೆ ಕೆನ್ನೆ ತಾಗಿಸಿ ಫೋಟೋ ಹಿಡಿದಳು. ಅಂಟಕ್ಕ ಸಿಕ್ಕಸಿಕ್ಕವರಿಗೆಲ್ಲ ನಿಜ ಹೇಳಿದಳು. ಜನ ಅಯ್ಯೋ ಪಾಪ ಎಂಬಂತೆ ಅವಳನ್ನು ನೋಡಿ ಮುಂದೆ ಸಾಗಿದರು. ಅವಳಿಗೆ ಅನ್ನ ಸೇರದಾಯಿತು. ತುತ್ತು ಎತ್ತಿದರೆ ಆ ಹಸಿರು ತುಪ್ಪುಳವೇ ಕಣ್ಣಿಗೆ ಕಟ್ಟುತ್ತಿತ್ತು.

ಮೂರನೆಯ ವಾರ ಪೆಟ್ಟಿಗೆಯ ಸಂದಿಯಿಂದ ಹಸಿ ಗೋಣಿಚೀಲದಂಥ ನಾತ ಹೊರಬಿತ್ತು. ಸಾಲಿನವರು ಮೂಗು ಮುಚ್ಚಿಕೊಳ್ಳತೊಡಗಿದರು. ಆಗ ಅಧಿಕಾರಿಯೇ ಬೀಗದ ಕೈ ತಂದು ಅವಳ ಕೈಗಿತ್ತು, ಮುಖ ಹಾಗೇ ಇರಲಿ, ವಾಸನೆ ಮಾತ್ರ ತೆಗೆ ಎಂದ.

ಅಂಟಕ್ಕ ಜನರ ಎದುರಿಗೇ ಪುಸ್ತಕವನ್ನು ಕಿಟಕಿಯ ಮೇಜಿಗೆ ಒಯ್ದಳು. ಮೂಗಿಗೆ ಬಟ್ಟೆ ಕಟ್ಟಿ, ಹಾಳೆ ಒಣಗುವವರೆಗೆ ಕಾದು, ಮೆತ್ತನೆಯ ಬ್ರಷ್ಷಿನಿಂದ ಅಂಚಿನಿಂದ ಶುರುಮಾಡಿದಳು. ಸುತ್ತ ಹತ್ತಾರು ಫೋನುಗಳು ಎದ್ದವು. ಬೂಷ್ಟು ಪುಡಿಪುಡಿಯಾಗಿ ಎದ್ದುಬಂತು. ಅದರ ಜೊತೆಗೇ ಕಂದು ಬಣ್ಣವೂ, ಹಳದಿಯೂ ಎದ್ದುಬಂದವು. ಅವಳ ಕೈ ನಿಂತಿತು. ಹಾಳೆಯಲ್ಲಿ ಪತಂಗದ ಒಂದು ಮೀಸೆಯಷ್ಟೇ ಉಳಿದಿತ್ತು. ಮಿಕ್ಕದ್ದೆಲ್ಲ ಬರೀ ಕಲೆ.

ಮುಖ ಅಳಿಸಿಹೋಯಿತೆಂದು ಹಿಂದಿನಿಂದ ಯಾರೋ ಗೊಣಗಿದರು. ಅಂಟಕ್ಕ ಬಟ್ಟೆ ಕಳಚಿ ಅವರತ್ತ ತಿರುಗಿದಳು.

"ಈ ಹಾಳೆ ಮೊದಲು ಹೇಗಿತ್ತು ಅಂತ ಯಾರ ಹತ್ರಾದ್ರೂ ಫೋಟೋ ಇದೆಯಾ? ಬೂಷ್ಟು ಬರೋಕೆ ಮುಂಚಿಂದು."

ಎಲ್ಲರೂ ಫೋನು ತಡಕಿದರು. ಇದ್ದದ್ದೆಲ್ಲ ಅದೇ ಮುಖ. ಎಡದಿಂದ, ಬಲದಿಂದ, ಹತ್ತಿರದಿಂದ. ಅಧಿಕಾರಿಯ ಬಳಿ ಇದ್ದದ್ದೂ ಅದೇ. ತಂಗಿಯ ಮಗಳು ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಸರಿಸಿ ಸರಿಸಿ ನೋಡಿ ತಲೆ ತಗ್ಗಿಸಿದಳು.

"ಮೊದಲು ಏನಿತ್ತು ದೊಡ್ಡಮ್ಮ ಇದ್ರಲ್ಲಿ? ನೀವಾದ್ರೂ ಹೇಳಿ, ಬರ್ಕೋತೀನಿ."

ಹೇಳಬೇಕೆಂದು ಅಂಟಕ್ಕ ಬಾಯಿ ತೆರೆದಳು. ಹಾಳೆ ಹರಿದದ್ದು ಎಲ್ಲಿಂದ, ಎಲ್ಲಿ ಬಾಗಿ ಎಲ್ಲಿಗೆ ಮುಗಿದಿತ್ತು, ಎಲ್ಲವೂ ಅವಳಿಗೆ ನೂಲಿನೆಳೆಯಷ್ಟು ಸ್ಪಷ್ಟವಾಗಿ ನೆನಪಿತ್ತು. ಎರಡು ದಿನ ಅದೇ ಹಾಳೆಯ ಮೇಲೆ ಬಗ್ಗಿ ಕೂತಿದ್ದರೂ, ರೆಕ್ಕೆಯ ಮೇಲೆ ಚುಕ್ಕೆಗಳು ಎಷ್ಟಿದ್ದವೆಂದು ಅವಳು ನೋಡಿರಲಿಲ್ಲ.