ಸೀರೆ ಉಡುವಷ್ಟು ಎತ್ತರ

ಗಜೇಂದ್ರಗಡ ದಾಟಿ ರಾಜೂರಿನ ದಾರಿಯಲ್ಲಿ ನಮ್ಮ ಜೀಪು ಪಂಕ್ಚರ್ ಆಯಿತು. ಚಕ್ರ ಬಿಚ್ಚುವಷ್ಟರಲ್ಲಿ ನಾನು ಎಸ್‌ಟಿಡಿ ಬೂತಿನ ಪಕ್ಕದ ಅಂಗಳಕ್ಕೆ ಹೋದೆ. ಅಲ್ಲಿ ಹಳೆಯ ಪಿಕಪ್ ಗಾಡಿಯೊಂದರ ಹಿಂಭಾಗದ ಮೇಲೆ ಗಿಡ್ಡನೆಯ ತಗಡಿನ ಕೋಣೆ ಕುಳಿತಿತ್ತು.

“ಮನೀರಿ ಇದು,” ಎಂದರು ಅದನ್ನು ಕಟ್ಟುತ್ತಿದ್ದ ಕೈಮಗ್ಗದ ನೇಕಾರ ವೀರಣ್ಣ. “ನಾವು ನೇಯ್ದ ಸೀರಿ ಎಲ್ಲಾ ಊರು ನೋಡ್ಯಾವು. ನಾವ ನೋಡಿಲ್ಲ.”

ಮಲಗಲು ಅಷ್ಟು ಸಾಕೆಂದು ಮೊದಲು ಚಾವಣಿಯನ್ನು ತಾವು ಕುಳಿತ ಎತ್ತರಕ್ಕೇ ಹಾಕಿದ್ದರಂತೆ. ಹೆಂಡತಿ ಶಾಂತವ್ವ ಒಳಗೆ ಇಣುಕಿ, “ಕುಂತು ಸೀರಿ ಉಡಾಕ ಬರ್ತೈತೇನ್ರಿ? ನಾ ಒಲ್ಲೆ,” ಎಂದುಬಿಟ್ಟರಂತೆ. ಸೀರೆ ನೇಯುವವರೇ ಅದನ್ನು ಮರೆತಿದ್ದರು!

ಈಗ ಚಾವಣಿ ಮೇಲೇಳುತ್ತದೆ. ನಾಲ್ಕು ಮೂಲೆಯಲ್ಲೂ ಪೈಪಿನೊಳಗೆ ಪೈಪು, ನಾಲ್ಕು ಹಗ್ಗ, ಎಲ್ಲಕ್ಕೂ ಸೇರಿ ಬಾವಿಯದೊಂದು ರಾಟೆ. ವೀರಣ್ಣ ಎಳೆದರು. ಒಂದು ಮೂಲೆ ಹಿಂದೆ ಉಳಿಯಿತು. ನಾನು ಅದನ್ನು ಕೈಯಿಂದ ಎತ್ತಿಕೊಟ್ಟೆ. ತಗಡು ಕಿರುಗುಟ್ಟುತ್ತಾ ಏರಿದಂತೆ ಸುತ್ತಲೂ ತಾಡಪತ್ರಿಯ ಗೋಡೆ ಬಿಚ್ಚಿಕೊಂಡಿತು.

ಶಾಂತವ್ವ ಮಡಚಿದ ಸೀರೆಯೊಂದನ್ನು ಹಿಡಿದು ಒಳಗೆ ಹೋಗಿ ಪರದೆ ಇಳಿಸಿದರು. ಹಗ್ಗವನ್ನು ಗೂಟಕ್ಕೆ ಕಟ್ಟಿದ್ದರೂ ನಂಬಿಕೆ ಸಾಲದೆ ವೀರಣ್ಣ ಅದನ್ನು ಹಿಡಿದೇ ನಿಂತರು. ಹೆಂಡತಿ ಹೊರಬಂದಾಗ ಉಟ್ಟ ಸೀರೆಯ ಒಂದು ನೆರಿಗೆಯೂ ಕೆಟ್ಟಿರಲಿಲ್ಲ.

“ಹೂಂ, ಚಲೋ ಆಗೈತಿ,” ಎಂದರು ಶಾಂತವ್ವ. “ಮದಲ ಯಾವೂರಿಗೆ ಹೋಗೂಣ್ರಿ?”

ಪೈಪು, ರಾಟೆ, ತಾಡಪತ್ರಿ ಎಲ್ಲದರ ಲೆಕ್ಕ ಹಾಕಿದ್ದ ವೀರಣ್ಣ ಹಗ್ಗ ಹಿಡಿದುಕೊಂಡೇ ನನ್ನ ಕಡೆ ತಿರುಗಿ, “ನೀವ ಹೇಳ್ರಿ, ಯಾವೂರು ಚಲೋ?” ಎಂದರು.