ಹೊಸ್ತಿಲಾಚೆಯ ಬಾಣಂತನ

ನಮ್ಮ ಮನೆಯವರು ಒಂದು ಕಥೆ ಹೇಳುತ್ತಾರೆ. ನಾಲ್ಕು ಜನ ನೆಂಟರು ಸೇರಿ ತಾಟಿನ ಮುಂದೆ ಕೂತರೆ ಸಾಕು, ಶುರು. "ಇಕಿ ಒಮ್ಮೆ ನನ್ನ ಮನಿಯಿಂದ ಹೊರಗ ಹಾಕಿ ಚಿಲಕ ಹಾಕ್ಕೊಂಡಿದ್ಲ ನೋಡ್ರಿ! ಲುಂಗಿ ಮ್ಯಾಲ ನಿಂತೇನಿ, ಕೈಯಾಗ ತಿಂಗಳ ಕೂಸು, ಓಣಿ ಮಂದೆಲ್ಲ ನೋಡಾಕತ್ತಾರ!" ಜನ ಬಿದ್ದು ಬಿದ್ದು ನಗುತ್ತಾರೆ. ನನ್ನ ಕಡೆ ತಿರುಗಿ, ಭಾರಿ ಗಟ್ಟಿಗಿತ್ತಿ ಬಿಡವಾ ನೀ, ಎನ್ನುತ್ತಾರೆ. ಆ ಕೂಸು ಈಗ ಎರಡನೇ ಕ್ಲಾಸು ಓದುತ್ತದೆ. ಇಷ್ಟು ವರ್ಷವೂ ನಾನು ರೊಟ್ಟಿ ಬಡಿಸುತ್ತ ಸಿಟ್ಟು ನುಂಗಿದ್ದೇನೆ. ಇನ್ನು ಆಗುವುದಿಲ್ಲ.

ಗೋವಾದ ಸಡಾ ಗುಡ್ಡದ ಮೇಲೆ ಆಗ ನಮ್ಮದು ಒಂದೇ ಕೋಣೆ. ಮೇಲೆ ತಗಡು. ಅಡುಗೆ, ದೇವರು, ಹಾಸಿಗೆ, ಎಲ್ಲ ಅದರಲ್ಲೇ. ಮನೆಯವರು ವೆರ್ಣಾದ ಒಂದು ಕಾರ್ಖಾನೆಯಲ್ಲಿ ಮಷಿನ್ ಮೇಲೆ ಕೆಲಸಕ್ಕಿದ್ದರು. ತವರಿನಲ್ಲಿ ನನಗೆ ತಾಯಿ ಇಲ್ಲ. ಹೀಗಾಗಿ ಬಾಣಂತನಕ್ಕೆ ವಿಜಯಪುರದ ಕಡೆಯಿಂದ ಅತ್ತೆಯೇ ಬಂದರು. ಅವರ ಗಂಟಿನಲ್ಲಿ ಬಾಣಂತಿಗೆ ತಿನ್ನಿಸುವ ಅಳವಿ, ಅಂಟು, ಒಣ ಕೊಬ್ಬರಿ ಇದ್ದವು. ಗಂಟಿಗಿಂತ ದೊಡ್ಡದು ಅವರ ಶಾಸ್ತ್ರ. ಬಾಣಂತಿ ಹೊಸ್ತಿಲು ದಾಟಬಾರದು, ಬಾಣಂತಿಗೆ ಗಾಳಿ ಹತ್ತಬಾರದು. ಮೇ ತಿಂಗಳ ಸೆಕೆಯಲ್ಲಿ ನನ್ನ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫು ಬಿಗಿದು, ಬಾಗಿಲ ಸಂದಿಗೂ ಹಳೆ ಸೀರೆ ತುರುಕಿದ್ದರು. ಇದ್ದೊಂದು ಫ್ಯಾನನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದರು. ಹಿರಿಯರು, ಒಳ್ಳೆಯದಕ್ಕೇ ಹೇಳುತ್ತಾರೆ ಎಂದು ಹನ್ನೆರಡು ದಿನ ನಾನೂ ಬೆವರುತ್ತ ಬಿದ್ದುಕೊಂಡಿದ್ದೆ.

ಹದಿಮೂರನೆಯ ದಿನ ಮನೆಯವರಿಗೆ ನೈಟ್ ಡ್ಯೂಟಿ ಬಂತು, ತಿಂಗಳಿಡೀ.

ನಮ್ಮ ಓಣಿಯಲ್ಲಿ ನೈಟ್ ಡ್ಯೂಟಿಯ ಮನೆಗಳಿಗೆ ಒಂದು ರೂಢಿಯಿದೆ. ಬೆಳಿಗ್ಗೆ ಕಂಪನಿ ಬಸ್ಸು ಗುಡ್ಡದ ಕೆಳಗೆ ಇಳಿಸಿ ಹೋಗುತ್ತದೆ. ಗಂಡಸು ಹತ್ತಿ ಬಂದು, ಉಂಡು, ಮಲಗುತ್ತಾನೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಗೆ ಕೂಡುತ್ತಾಳೆ. ಹಗಲು ಹೊತ್ತು ಬಾಗಿಲು ಮುಚ್ಚಿ ಮುಂದೆ ಒಂದು ಜೊತೆ ಗಂಡಸರ ಚಪ್ಪಲಿ ಇದ್ದರೆ ಯಾರೂ ಕದ ಬಡಿಯುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಬಾಣಂತಿಗೆ ರಿಯಾಯಿತಿ ಇರುತ್ತದೆ ಎಂದುಕೊಂಡಿದ್ದೆ.

"ಏಳ ನಮ್ಮವ್ವ, ಕೂಸಿನ್ನ ತಗೊಂಡ ಎದುರುಮನಿ ಕಟ್ಟಿ ಮ್ಯಾಲ ಕುಂದ್ರ ಹೋಗು. ಅವ ಮಲಗಲಿ," ಎಂದರು ಅತ್ತೆ.

"ಗಾಳಿ ಹತ್ತಬಾರದು ಅಂದಿದ್ರಲ್ರಿ ಅತ್ತಿ?"

"ಸ್ಕಾರ್ಫ್ ಇನ್ನಷ್ಟ ಬಿಗಿ ಕಟ್ಟತೇನಿ. ನಿದ್ದಿಗೆಟ್ಟು ಹೋಗಿ ಮಷಿನ್ಯಾಗ ಕೈ ಕೊಟ್ಟ ಅಂದ್ರ ಏನ್ ಮಾಡ್ತಿ?"

ಮನೆಯವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬನ ಬಲಗೈಯಲ್ಲಿ ಎರಡು ಬೆರಳಿಲ್ಲದ್ದನ್ನು ನಾನು ನೋಡಿದ್ದೆ. ಎದ್ದು ಹೋದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನೆನಪಾದದ್ದು ಆಮೇಲೆ. ಫ್ಯಾನು ಅಂದೇ ಗೋಡೆ ಬಿಟ್ಟು ಮನೆಯವರ ಕಡೆ ತಿರುಗಿತು.

ಎದುರುಮನೆಯ ಕಾಕು ಬೀಚಿನಲ್ಲಿ ಮಣಿಸರ ಮಾರುವವಳು. ಸೀಸನ್ ಮುಗಿದಿದ್ದರಿಂದ ಮನೆಯ ಕಟ್ಟೆಯ ಮೇಲೆಯೇ ಕೂತು ಮುಂದಿನ ವರ್ಷಕ್ಕೆ ಸರ ಪೋಣಿಸುತ್ತಿದ್ದಳು. ನನಗೆ ಒಂದು ಗೋಣಿಚೀಲ ಹಾಸಿಕೊಟ್ಟಳು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರು, ಮೂರೂವರೆವರೆಗೆ ಅದೇ ನನ್ನ ಬಾಣಂತಿ ಕೋಣೆ. ಮುಂದೆಯೇ ಓಣಿ. ಕೊಡ ಹೊತ್ತವರು, ಗ್ಯಾಸಿನವನು, ಕೆಲಸವಿಲ್ಲದೆ ಬೀಡಿ ಸೇದುತ್ತ ನಿಂತವರು. ನಾನು ಗೋಡೆಯ ಕಡೆ ತಿರುಗಿ ಸೆರಗು ಹೊದ್ದು ಮೊಲೆಗೆ ಹಚ್ಚುತ್ತಿದ್ದೆ. ಸೆರಗಿನೊಳಗೆ ಸೆಕೆ, ಕೂಸು ಎರಡು ಗುಟುಕು ಎಳೆದು, ಬಿಟ್ಟು, ಮುಖ ಕೆಂಪಗೆ ಮಾಡಿಕೊಂಡು ಚೀರುತ್ತಿತ್ತು. ಚೀರಿದರೆ ನಮ್ಮ ಬಾಗಿಲು ಬೆರಳಗಲ ತೆರೆದು ಅತ್ತೆಯ ಮುಖ ಕಾಣುತ್ತಿತ್ತು, ತುಟಿಯ ಮೇಲೆ ಬೆರಳು. ನಾನು ಎದ್ದು, ಇನ್ನೂ ಆರದ ಹೊಲಿಗೆಯ ನೋವಿನಲ್ಲಿ, ಕೂಸಿನ ದನಿ ಮನೆಗೆ ಕೇಳದಷ್ಟು ದೂರ ಏರು ಹತ್ತಿ ಹೋಗುತ್ತಿದ್ದೆ. ಅಷ್ಟರಲ್ಲಿ ಅದು ಅತ್ತು ಸುಸ್ತಾಗಿ ಹಸಿದೇ ಮಲಗುತ್ತಿತ್ತು. ಹೊಟ್ಟೆ ತುಂಬಿ ಮಲಗಿದ ಕೂಸಿಗೂ ಸೋತು ಮಲಗಿದ ಕೂಸಿಗೂ ಇರುವ ವ್ಯತ್ಯಾಸ ನನಗೆ ಗೊತ್ತಾಗುತ್ತಿತ್ತು. ಗೊತ್ತಾಗಿಯೂ ಸುಮ್ಮನಿದ್ದೆನಲ್ಲ, ಆ ಸಿಟ್ಟು ನನ್ನ ಮೇಲೆಯೇ ಇದೆ.

ಹಗಲು ಹಸಿದದ್ದು ರಾತ್ರಿ ಬಿಡುತ್ತದೆಯೇ? ಅವರು ಡ್ಯೂಟಿಗೆ ಹೋದ ಮೇಲೆ ಬೆಳಗಿನವರೆಗೂ ನನ್ನನ್ನು ಹಿಂಡುತ್ತಿತ್ತು. ಹಗಲು ನಾನು ಮಲಗುವಂತಿಲ್ಲ, ಕಟ್ಟೆಯ ಮೇಲಿದ್ದೇನೆ. ರಾತ್ರಿ ಮಲಗುವಂತಿಲ್ಲ, ಕೂಸು ಬಿಡುವುದಿಲ್ಲ. ಒಮ್ಮೆ ಅತ್ತೆಗೆ ಹೇಳಿದೆ, ನಾನೂ ಒಂದು ತಾಸು ಅಡ್ಡಾಗತೇನ್ರಿ ಎಂದು. "ನಾ ಆರ ಹಡದೇನಿ. ಯಾವಾಗರೆ ಮಲಗಿದ್ನೇನ್ ಕೇಳು," ಎಂದರು. ಅದನ್ನು ಹೆಮ್ಮೆಯಿಂದ ಹೇಳಿದರು. ಪಾಪ ಎನಿಸಬೇಕಿತ್ತು, ನನಗೆ ಮೈ ಉರಿಯಿತು.

ಇಪ್ಪತ್ತೆಂಟನೆಯ ದಿನ ಕೂಸನ್ನು ತೂಕಕ್ಕೆ ಒಯ್ದೆವು. ಹುಟ್ಟಿದಾಗ ಎರಡು ಮುಕ್ಕಾಲು ಕಿಲೋ ಇತ್ತು. ಅಂದೂ ಎರಡು ಮುಕ್ಕಾಲು. ನರ್ಸಬಾಯಿ ತಕ್ಕಡಿಯ ಮುಳ್ಳನ್ನು ಸರಿಮಾಡಿ ಮತ್ತೊಮ್ಮೆ ತೂಗಿದಳು. ಒಂದು ವಾರ ನೋಡೋಣ, ಏರದಿದ್ದರೆ ದೊಡ್ಡ ದವಾಖಾನೆಗೆ ಸೇರಿಸಬೇಕು ಎಂದು ಹಿಂದಿಯಲ್ಲಿ ಹೇಳಿದಳು. ಕೂಸಿನ ತೊಡೆಯ ಚರ್ಮ ಸಡಿಲವಾಗಿ ಜೋಲುತ್ತಿದ್ದುದನ್ನು ನಾನು ಮುಂಚೆಯೇ ನೋಡಿದ್ದೆ. ಯಾರಿಗಾದರೂ ಹೇಳಿದರೆ ಖರೇ ಆಗಿಬಿಡುತ್ತದೆ ಎಂದು ಹೇಳಿರಲಿಲ್ಲ.

ಮನೆಗೆ ಬರುವಷ್ಟರಲ್ಲಿ ತೀರ್ಪು ಆಗಿತ್ತು. "ಇಕಿಗೆ ಹಾಲಿಲ್ಲ," ಎಂದರು ಅತ್ತೆ. "ಹಾಲಿಲ್ಲ ತೋರತೈತಿ," ಎಂದಳು ಕಾಕು. ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ಬೆಳ್ಳುಳ್ಳಿ ತಿನ್ನಿಸಿದರು, ಅಳವಿ ಪಾಯಸ ಕುಡಿಸಿದರು, ಯಾರೋ ಕಂಡವರ ದೃಷ್ಟಿ ಎಂದು ಉಪ್ಪು ನಿವಾಳಿಸಿದರು. ನೀನು ಎಷ್ಟು ತಾಸು ಮಲಗುತ್ತಿ ಎಂದು ಯಾರೂ ಕೇಳಲಿಲ್ಲ. ಹಾಲು ಎಲ್ಲಿ ಕೂತು ಕೊಡುತ್ತಿ ಎಂದೂ ಕೇಳಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಮನೆಯವರು ಡ್ಯೂಟಿಯಿಂದ ಬರುವಾಗ ಒಂದು ಡಬ್ಬಿ ಹಾಲಿನ ಪುಡಿ, ಒಂದು ಬಾಟಲಿ ತಂದರು. ದೇವರ ಫೋಟೋದ ಪಕ್ಕದಲ್ಲಿ ಇಟ್ಟರು. ಡಬ್ಬಿ ಹಾಲು ಕುಡಿದು ಚೆನ್ನಾಗಿ ಬೆಳೆದ ಮಕ್ಕಳು ನಮ್ಮ ಓಣಿಯಲ್ಲೇ ಬೇಕಾದಷ್ಟಿವೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಕೂಸು ಬದುಕುವುದಾದರೆ ನಾನೇ ಕುಡಿಸುತ್ತಿದ್ದೆ. ಅವರು ಆಮೇಲೆ ಅಂದದ್ದು ಬೆಂಕಿಗೆ ತುಪ್ಪ ಸುರಿಯಿತು.

"ಚಲೋ ಆತು ಬಿಡು. ಇನ್ನ ಸೆರಗಿನ ತ್ರಾಸಿಲ್ಲ. ಹೊರಗ ಕುಂತ ಆರಾಮ ಬಾಟ್ಲಿ ಕುಡಸಬೋದು."

ಹೊರಗೆ ಕೂತು! ಕೂಸು ದವಾಖಾನೆ ಸೇರುವ ಹೊತ್ತು ಬಂದರೂ ನಾನು ಒಳಗೆ ಕೂಡಬಹುದು ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಅವರು ಲುಂಗಿ ಸುತ್ತಿಕೊಂಡು ಹಾಸಿಗೆಯ ಕಡೆ ಹೊರಟಿದ್ದರು. ನಾನು ಕೂಸನ್ನು ಅವರ ಎದೆಗೆ ಒತ್ತಿ ಹಿಡಿಸಿದೆ. ಬಾಟಲಿ, ಡಬ್ಬಿ ಅತ್ತೆಯ ಕೈಗೆ ಕೊಟ್ಟೆ. ತಲೆಯ ಸ್ಕಾರ್ಫು ಬಿಚ್ಚಿ ಮನೆಯವರ ಹೆಗಲ ಮೇಲೆ ಒಗೆದೆ.

"ಕಟಗೋರಿ. ಗಾಳಿ ಹತ್ತತೈತಿ."

ಇಬ್ಬರನ್ನೂ ಹೊರಗೆ ನೂಕಿ ಚಿಲಕ ಹಾಕಿದೆ. ನಿಜವಾಗಿ ನೂಕಿದೆ, ಅದರಲ್ಲಿ ಅವರ ಕಥೆ ಸುಳ್ಳಲ್ಲ. ಅತ್ತೆ ಕದ ಬಡಿದರು, ಹೆಸರು ಹಿಡಿದು ಬೈದರು, ತಲಿ ಕೆಟ್ಟೈತಿ ಇಕಿಗೆ ಎಂದರು. ನಾನು ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಂಡು ಕಿವಿಯ ಹತ್ತಿ ಇನ್ನಷ್ಟು ಒತ್ತಿಕೊಂಡೆ. ಆ ಹತ್ತಿ ಅಂದು ಒಂದು ಕೆಲಸಕ್ಕೆ ಬಂತು.

ಎಚ್ಚರವಾದಾಗ ಹನ್ನೆರಡು ದಾಟಿತ್ತು. ಮೊದಲು ಬೆವರೆಂದುಕೊಂಡೆ. ಕುಪ್ಪಸ ತೊಯ್ದು ಮೈಗೆ ಅಂಟಿತ್ತು, ಚಾದರದ ಮೇಲೆ ಅಂಗೈಯಗಲ ಒದ್ದೆ. ಮೂಸಿ ನೋಡಿದೆ. ಹಾಲು. ನನಗೆ ಅಳು ಬರಲಿಲ್ಲ, ಇಷ್ಟು ಜನರ ಮೇಲೆ ಒಟ್ಟಿಗೆ ಸಿಟ್ಟು ಬಂತು.

ಬಾಗಿಲು ತೆಗೆದೆ. ಕಾಕುವಿನ ಕಟ್ಟೆಯ ಮೇಲೆ, ನನ್ನ ಗೋಣಿಚೀಲದ ಮೇಲೆ ಮನೆಯವರು ಕೂತಿದ್ದರು, ಕಣ್ಣು ಕೆಂಡ. ಡಬ್ಬಿ ಒಡೆದೇ ಇರಲಿಲ್ಲ. ಕಾಯಿಸಿದ ನೀರು ಎಷ್ಟು, ಪುಡಿ ಎಷ್ಟು ಎಂದು ಇಬ್ಬರಿಗೂ ಗೊತ್ತಾಗಿರಲಿಲ್ಲ. ಕೂಸು ಮುಷ್ಟಿ ಚೀಪುತ್ತ ಚೀರುತ್ತಿತ್ತು. ಎತ್ತಿಕೊಂಡು ಬಂದು, ಹಾಸಿಗೆಯ ಮೇಲೆ ಗೋಡೆಗೆ ಒರಗಿ, ಸೆರಗಿಲ್ಲದೆ, ಫ್ಯಾನಿನ ಎದುರು ಕೂತು ಎದೆಗೆ ಹಚ್ಚಿದೆ. ಗುಟುಕು ಇಳಿಯುವ ಸದ್ದು ಬಾಗಿಲಲ್ಲಿ ನಿಂತ ಅತ್ತೆಗೂ ಕೇಳಿಸಿತು. ಎರಡೂ ಕಡೆ ಕುಡಿದು, ತಾನಾಗಿಯೇ ಬಿಟ್ಟು, ಬಾಯಿ ತೆರೆದುಕೊಂಡು ಮಲಗಿತು. ಹದಿನೆಂಟು ದಿನಗಳಲ್ಲಿ ಅದೇ ಮೊದಲು.

ಅತ್ತೆ ನನ್ನ ಕುಪ್ಪಸ ನೋಡಿದರು. "ಎಲ್ಲಿತ್ತ ನಮ್ಮವ್ವ ಇಷ್ಟ ಹಾಲು?"

"ನಿಮ್ಮ ಮಗನ ನಿದ್ದ್ಯಾಗ ಇತ್ರಿ," ಎಂದೆ.

ಮನೆಯವರು ಒಳಗೆ ಬಂದು, ನನ್ನ ಪಕ್ಕದಲ್ಲೇ ನೆಲದ ಮೇಲೆ ಉರುಳಿದರು. ಡ್ಯೂಟಿಗೆ ಹೊರಡುವವರೆಗೆ ಕೂಸು ಎರಡು ಸಲ ಎದ್ದಿತು, ಎರಡು ಸಲವೂ ಬಾಯಿ ಬಿಟ್ಟು ಅತ್ತಿತು. ಅವರು ಮಗ್ಗಲು ಕೂಡ ಬದಲಿಸಲಿಲ್ಲ, ಗೊರಕೆ ಹೊಡೆಯುತ್ತಲೇ ಇದ್ದರು. ರಾತ್ರಿಯೆಲ್ಲ ಮಷಿನ್ ಸದ್ದಿನಲ್ಲಿ ನಿಂತು ಬರುವ ಮನುಷ್ಯ! ಕೂಸಿನ ಅಳುವಿಗೆ ಅವರಿಗೆ ಎಚ್ಚರವೇ ಆಗುವುದಿಲ್ಲ. ಹದಿನೆಂಟು ದಿನ ನಾವು ಯಾರೂ ಅದನ್ನು ಒಮ್ಮೆಯೂ ಒರೆಗೆ ಹಚ್ಚಿ ನೋಡಿರಲಿಲ್ಲ. ನಾನು ಕೂತು ಆ ಗೊರಕೆ ಕೇಳಿದೆ.

ಅಂದಿನಿಂದ ನಾನು ಕಟ್ಟೆಗೆ ಹೋಗಲಿಲ್ಲ. ಮುಂದಿನ ತೂಕದಲ್ಲಿ ಕಾಲು ಕಿಲೋ ಏರಿತ್ತು. ದವಾಖಾನೆ ತಪ್ಪಿತು. ಡಬ್ಬಿ ತಂದ ಸುದ್ದಿ ಕೇಳಿ, ಡಬ್ಬಿ ಹಿಡಿಸಿತಲ್ಲ ಎಂದಳು ನರ್ಸಬಾಯಿ. ಅತ್ತೆ ಹೂಂ ಎಂದರು. ಡಬ್ಬಿಯ ಮುಚ್ಚಳ ಅಂದಿಗೂ ತೆರೆದಿರಲಿಲ್ಲ.

ಕಳೆದ ತಿಂಗಳು ನಾದಿನಿಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಜನ ಸೇರಿದ್ದರು. ಮನೆಯವರು ಲುಂಗಿ, ಚಿಲಕ, ಓಣಿ ಮಂದಿ ಎಲ್ಲ ಹೇಳಿ ಮುಗಿಸಿದರು. ಅವರು ಹೊರಗಿದ್ದದ್ದು ಮೂರು ತಾಸು. ನಾನು ಸಾರಿನ ಸೌಟು ಕೆಳಗಿಟ್ಟೆ.

"ಅದಕ್ಕಿಂತ ಮೊದಲಿನ ಹದಿನೆಂಟ ದಿನದ್ದೂ ಹೇಳ್ರಿ ಇವರಿಗೆ," ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಕಪಟವಿಲ್ಲದ ಮುಖ. ಖರೇ ಯೋಚಿಸಿಯೇ ಹೇಳಿದರು.

"ಆವಾಗ ನಾ ಮಲಗಿರ್ತಿದ್ನಲ್ಲ, ನನಗೇನ್ ಗೊತ್ತು?"

ಎಲ್ಲರೂ ಮತ್ತೆ ನಕ್ಕರು. ತೊಟ್ಟಿಲ ಪಕ್ಕದಲ್ಲಿ ಸ್ಕಾರ್ಫು ಕಟ್ಟಿಕೊಂಡು ಕೂತಿದ್ದ ನಾದಿನಿ ಮಾತ್ರ ನಗಲಿಲ್ಲ.